ಕಾರಿನ ಪ್ಲಗ್ಗು ಸಿಕ್ಕಿಕೊಂಡರೆ ಜಗ್ಗಬೇಡಿ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿದವನು, ಮೋಟಾರು ಮೇಸ್ತ್ರಿಯಲ್ಲ. ಆದರೂ ಈ ದಿನ ಬೀಜ, ಗೊಬ್ಬರದ ಮಾತು ಬಿಟ್ಟು ವಿದ್ಯುತ್ ಕಾರಿನ ವಿಚಾರ ಹೇಳಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ನನ್ನ ವಲಯದ ಒಂದು ಹಳ್ಳಿಯಲ್ಲಿ, ಬೆಳಗಿನ ಜಾವ ವೃದ್ಧ ತಾಯಿಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕಾರು ಬಾಗಿಲಲ್ಲೇ ನಿಂತಿತ್ತು. ಚಾರ್ಜಿಂಗ್ ಪ್ಲಗ್ಗು ಮಾತ್ರ ಬರಲೊಲ್ಲದು. ಪ್ಲಗ್ಗು ಇರುವ ತನಕ ಕಾರು ಹೊರಡುವುದಿಲ್ಲ. ಮೂವರು ಸೇರಿ ಜಗ್ಗಿದರು. ಹಿಡಿ ಸೀಳಿತೇ ಹೊರತು ಪ್ಲಗ್ಗು ಬಿಡಲಿಲ್ಲ. ಪುಣ್ಯಕ್ಕೆ ನೆರೆಮನೆಯವರ ಟೆಂಪೋ ಸಿಕ್ಕಿ ತಾಯಿಯವರು ಉಳಿದರು. ಆಮೇಲೆ ನೋಡಿದರೆ, ಕಾರಿಗೆ ಹಾಕಿದ ಬೀಗವನ್ನು ಯಾರೂ ತೆಗೆದಿರಲಿಲ್ಲ!

ಗಾಡಿಯ ಕಡಾಣಿ ತೆಗೆಯದೆ ಗಾಲಿ ಎಳೆದರೆ ಬರುತ್ತದೆಯೇ? ಇಲ್ಲಿಯೂ ಹಾಗೆಯೇ. ಪ್ಲಗ್ಗನ್ನು ಚುಚ್ಚಿದ ಮೇಲೆ ಕಾರಿನೊಳಗಿನ ಸಣ್ಣ ಕೀಲೊಂದು ಅದನ್ನು ಹಿಡಿದುಕೊಳ್ಳುತ್ತದೆ. ವಿದ್ಯುತ್ ಹರಿಯುವಾಗ ಪ್ಲಗ್ಗು ಕಿತ್ತರೆ ಕಿಡಿ ಹಾರಿ ಅಪಾಯವಾದೀತೆಂದೇ ಈ ಏರ್ಪಾಡು. ಆದುದರಿಂದ ಕೀಲು ನಮ್ಮ ಶತ್ರುವಲ್ಲ, ಕಾವಲುಗಾರ.

ಪ್ಲಗ್ಗು ಸಿಕ್ಕಿಕೊಂಡರೆ ಹೀಗೆ ಮಾಡಿರಿ:

1. ಮೊದಲು ಚಾರ್ಜು ನಿಲ್ಲಿಸಿ. ಮನೆಯಲ್ಲಾದರೆ ಗೋಡೆಯ ಸ್ವಿಚ್ಚು ಆರಿಸಿ. ಚಾರ್ಜಿಂಗ್ ಕೇಂದ್ರದಲ್ಲಾದರೆ, ಯಾವ ಕಾರ್ಡು ಅಥವಾ ಫೋನಿನಿಂದ ಆರಂಭಿಸಿದಿರೋ ಅದರಿಂದಲೇ ಮುಗಿಸಿ. ಅರ್ಧ ನಿಮಿಷ ತಾಳಿ.

2. ಕೀಲಿಕೈಯ ಗುಂಡಿಯಿಂದ ಕಾರಿಗೆ ಬೀಗ ಹಾಕಿ, ಮತ್ತೆ ತೆಗೆಯಿರಿ.

3. ಆಗಲೂ ಬಾರದಿದ್ದರೆ, ಬಿಗಿಯಾದ ಬಾಗಿಲನ್ನು ತುಸು ಒತ್ತಿ ಅಗುಳಿ ಸರಿಸುವುದಿಲ್ಲವೇ, ಹಾಗೆಯೇ ಪ್ಲಗ್ಗನ್ನು ಒಳಕ್ಕೆ ಒತ್ತಿ ಹಿಡಿಯಿರಿ. ತಂತಿ ಜೋತುಬಿದ್ದು ಭಾರವಾಗದಂತೆ ಒಂದು ಕೈ ಆಸರೆ ಕೊಡಿ. ಇನ್ನೊಬ್ಬರು ಬೀಗ ತೆಗೆಯಲಿ. ಆಮೇಲೆ ನೇರವಾಗಿ ಎಳೆಯಿರಿ, ಅಲ್ಲಾಡಿಸಬೇಡಿ.

4. ಕೀಲಿಕೈ ಒತ್ತಿದರೂ ದೀಪ ಮಿನುಗದಿದ್ದರೆ ಮೊದಲು ಕೀಲಿಕೈಯ ಸೆಲ್ಲು ನೋಡಿ. ಅದು ಸರಿಯಿದ್ದರೆ ಕಾರಿನ 12 ವೋಲ್ಟಿನ ಚಿಕ್ಕ ಬ್ಯಾಟರಿ ಸೋತಿರಬಹುದು. ಬೀಗಕ್ಕೂ ಕೀಲಿಗೂ ಶಕ್ತಿ ಕೊಡುವುದು ಅದೇ.

5. ಅನೇಕ ಕಾರುಗಳಲ್ಲಿ ಆಪತ್ಕಾಲಕ್ಕೆಂದು ಕೀಲು ಬಿಡಿಸುವ ಎಳೆದಾರ ಇರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆಯೆಂದು ಕಾರಿನ ಕೈಪಿಡಿಯಲ್ಲಿ ಇಂದೇ ನೋಡಿಕೊಳ್ಳಿ, ಮನೆಮಂದಿಗೂ ತೋರಿಸಿ. ಚಾರ್ಜು ನಿಂತ ಮೇಲೆಯೇ ಅದನ್ನು ಎಳೆಯತಕ್ಕದ್ದು.

ಇಷ್ಟಕ್ಕೂ ಬಾರದಿದ್ದರೆ ಕಂಪೆನಿಯ ಮೇಸ್ತ್ರಿಯನ್ನು ಕರೆಸಿ. ಸ್ಕ್ರೂಡ್ರೈವರಿನಿಂದ ಮೀಟುವುದು, ಎಣ್ಣೆ ಬಿಡುವುದು, ನೀರು ಸುರಿಯುವುದು ಖಂಡಿತ ಕೂಡದು. ಪ್ಲಗ್ಗು ಸುಡುವಷ್ಟು ಬಿಸಿಯಾಗಿದ್ದರೆ ಪರೀಕ್ಷೆ ಮಾಡಿಸುವವರೆಗೆ ಅದನ್ನು ಮತ್ತೆ ಬಳಸಬೇಡಿ.

ಬರುವ ಮುನ್ನ ತಡೆಯುವುದು ಲೇಸು. ಪ್ಲಗ್ಗನ್ನು ಮಣ್ಣಿನ ಮೇಲೆ ಎಸೆಯದೆ ಮೊಳೆಗೆ ತೂಗುಹಾಕಿ. ಮುಚ್ಚಳ ಹಾಕಿಡಿ, ಧೂಳು ಸೇರದಿರಲಿ.

ಎತ್ತಿನ ಕಣ್ಣಿ ಬಿಚ್ಚಲು ಮನೆಯವರಿಗೆಲ್ಲ ಬರುತ್ತದೆ. ಈ ಪ್ಲಗ್ಗು ಬಿಡಿಸುವುದೂ ಹಾಗೆಯೇ ಎಲ್ಲರಿಗೂ ಬರಲಿ. ರಾತ್ರಿ ಹೊತ್ತು ಯಾರಿಗೆ ಯಾವ ಅವಸರ ಬಂದೀತೋ ಬಲ್ಲವರಾರು?