ಮನೆಮನೆಯ ವಿಡಿಯೋ ಕ್ಯಾಸೆಟ್ಟುಗಳ ಸಂರಕ್ಷಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಶ್ರಾವಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಂಡಿತರು ಸಿದ್ಧಾಂತ ವಿಚಾರಗಳನ್ನು ವಿವೇಚಿಸಿದ ಈ ವೇದಿಕೆಯ ಮೇಲೆ, ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಬಟ್ಟೆಯಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನ್ನಂಥ ವ್ಯಾಪಾರಿಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಆದರೂ ಮಂಡಳಿಯವರು ಪ್ರೀತಿಯಿಂದ ಅವಕಾಶವಿತ್ತಿರುವುದರಿಂದ, ನಮ್ಮೆಲ್ಲರ ಮನೆಗಳಲ್ಲಿ ಇದ್ದೂ ನಾವಾರೂ ಗಮನಿಸದ ಒಂದು ಆಸ್ತಿಯನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸಿಕೊಳ್ಳುತ್ತೇನೆ. ಆ ಆಸ್ತಿಯೆಂದರೆ ಕಪಾಟಿನ ಮೇಲಣ ಪೆಟ್ಟಿಗೆಯಲ್ಲಿ ಧೂಳು ಹಿಡಿದು ಕುಳಿತಿರುವ ಹಳೆಯ ವಿಡಿಯೋ ಕ್ಯಾಸೆಟ್ಟುಗಳು.

ಇಂದು ಬಹುಪಾಲು ಮನೆಗಳಲ್ಲಿ ಕಾಣಸಿಗುವ ದೊಡ್ಡ ಕ್ಯಾಸೆಟ್ಟು ವಿ.ಎಚ್.ಎಸ್. ಎಂಬ ಬಗೆಯದು. ಇದನ್ನು ಜಪಾನಿನ ಜೆ.ವಿ.ಸಿ. ಸಂಸ್ಥೆಯು 1976ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ದೇಶದಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಸಮಯಕ್ಕೆ ಬಣ್ಣದ ದೂರದರ್ಶನ ಬಂದಿತು. ಅದಾದ ಕೆಲವೇ ವರ್ಷಗಳಲ್ಲಿ ನಮ್ಮ ಊರುಗಳ ಮದುವೆಗಳಲ್ಲಿಯೂ ಹೆಗಲ ಮೇಲೆ ಕ್ಯಾಮೆರಾ ಹೊತ್ತವರು ಕಾಣಿಸಿಕೊಂಡರು. ಶ್ರವಣಬೆಳಗೊಳದಲ್ಲಿ 1993ರಲ್ಲಿಯೂ 2006ರಲ್ಲಿಯೂ ನಡೆದ ಮಹಾಮಸ್ತಕಾಭಿಷೇಕಗಳ ವೇಳೆಗೆ, ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮೆರಾಗಳೂ ಅವುಗಳ ಚಿಕ್ಕ ಕ್ಯಾಸೆಟ್ಟುಗಳೂ ಬಂದಿದ್ದವು. ಹೀಗೆ ಮದುವೆ, ನಾಮಕರಣ, ಅಂಗಡಿಯ ಪೂಜೆ, ಯಾತ್ರೆ, ಬಸದಿಯ ರಥೋತ್ಸವ ಎಲ್ಲವೂ ಆ ಕಪ್ಪು ಸುರುಳಿಗಳಲ್ಲಿ ಅಡಗಿವೆ. ಅಂದು ನಡೆದಾಡಿದ ಹಿರಿಯರಲ್ಲಿ ಅನೇಕರು ಇಂದು ನಮ್ಮೊಡನಿಲ್ಲ.

ಈ ಸುರುಳಿ ಎಂಥದೆಂಬುದನ್ನು ಮೊದಲು ತಿಳಿಯಬೇಕು. ಅದು ಅರ್ಧ ಅಂಗುಲ ಅಗಲದ ಪಾಲಿಯೆಸ್ಟರ್ ಪಟ್ಟಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಇಂಥ ಪಟ್ಟಿ 250 ಮೀಟರಿಗೂ ಹೆಚ್ಚು ಉದ್ದವಿರುತ್ತದೆ. ಅದರ ಮೇಲೆ ಕಾಂತಗುಣವುಳ್ಳ ಲೋಹದ ಆಕ್ಸೈಡಿನ ಸೂಕ್ಷ್ಮ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಲೇಪಿಸಿರುತ್ತಾರೆ. ಚಿತ್ರವೂ ಧ್ವನಿಯೂ ಇರುವುದು ಆ ಪುಡಿಯಲ್ಲಿಯೇ. ಕಾಲ ಕಳೆದಂತೆ ಗಾಳಿಯ ತೇವವನ್ನು ಹೀರಿ ಅಂಟು ಸಡಿಲವಾಗುತ್ತದೆ, ಪುಡಿ ಉದುರುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಸುರುಳಿಯ ಅಂಚಿನ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಕ್ಯಾಸೆಟ್ಟನ್ನು ಯಾರೂ ಮುಟ್ಟದಿದ್ದರೆ ಅದು ಕ್ಷೇಮವಾಗಿರುವುದೆಂದು ನಂಬಿರುವವರು ಬಹಳ ಮಂದಿ. ವಾಸ್ತವವಾಗಿ ಅದು ಸುಮ್ಮನೆ ಇಟ್ಟಲ್ಲಿಯೇ ಸವೆಯುತ್ತಿರುತ್ತದೆ.

ಸುರುಳಿಯೊಂದು ಉಳಿದರೂ ಅದನ್ನು ಓದುವ ಯಂತ್ರ ಬೇಕಷ್ಟೆ. ಜಪಾನಿನ ಫುನಾಯಿ ಸಂಸ್ಥೆಯು 2016ರ ಜುಲೈ ತಿಂಗಳಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಈಗ ದೊರೆಯುವುದೆಲ್ಲವೂ ಹಳೆಯ ಯಂತ್ರಗಳೇ. ಅವುಗಳ ರಬ್ಬರಿನ ಪಟ್ಟಿ ಗಟ್ಟಿಯಾಗಿದೆ, ಬಿಡಿಭಾಗ ದುರ್ಲಭ, ದುರಸ್ತಿ ಬಲ್ಲವರು ವಿರಳ. ಯುನೆಸ್ಕೋದ ಸರ್ವರಿಗೂ ಮಾಹಿತಿ ಕಾರ್ಯಕ್ರಮವೂ ಧ್ವನಿ ಮತ್ತು ದೃಶ್ಯ ಭಂಡಾರಗಳ ಅಂತರರಾಷ್ಟ್ರೀಯ ಸಂಘವೂ ಕೂಡಿ 2019ರಲ್ಲಿ ಕಾಂತಸುರುಳಿಗಳ ವಿಷಯವಾಗಿ ಲೋಕಕ್ಕೆ ಎಚ್ಚರಿಕೆ ನೀಡಿದುದು ಈ ಕಾರಣದಿಂದಲೇ. ದೊಡ್ಡ ಭಂಡಾರಗಳಿಗೇ ಇಷ್ಟು ಆತುರವಿರುವಾಗ ನಮ್ಮ ಕಪಾಟಿನ ಪೆಟ್ಟಿಗೆಗೆ ಎಷ್ಟು ಅವಧಿ ಉಳಿದೀತೆಂಬುದನ್ನು ತಾವೇ ಯೋಚಿಸಬೇಕು.

ನಮ್ಮ ಮನೆಯ ಅನುಭವವನ್ನು ಹೇಳುತ್ತೇನೆ. ನಮ್ಮಲ್ಲಿ ಇಪ್ಪತ್ತಮೂರು ಕ್ಯಾಸೆಟ್ಟುಗಳಿದ್ದವು. ಎರಡನ್ನು 2007ರಲ್ಲಿಯೇ ಪೇಟೆಯ ಒಂದು ಅಂಗಡಿಯವರು ಡಿ.ವಿ.ಡಿ. ತಟ್ಟೆಗೆ ಇಳಿಸಿಕೊಟ್ಟಿದ್ದರು. ಹನ್ನೆರಡು ವರ್ಷಗಳ ತರುವಾಯ ಆ ತಟ್ಟೆಗಳು ಯಾವ ಯಂತ್ರದಲ್ಲಿಯೂ ತೆರೆಯಲಿಲ್ಲ. ಮೂಲ ಕ್ಯಾಸೆಟ್ಟುಗಳನ್ನು ನಮ್ಮ ತಾಯಿಯವರು ಎಸೆಯಗೊಡದೆ ಇಟ್ಟಿದ್ದರಿಂದ ಅವು ಮತ್ತೆ ಕೆಲಸಕ್ಕೆ ಬಂದವು. ಇನ್ನೊಂದು, 1991ರಲ್ಲಿ ನಡೆದ ನನ್ನ ತಂಗಿಯ ಮದುವೆಯದು. ಅದಕ್ಕೆ ಬೂಷ್ಟು ಹಿಡಿದಿತ್ತು. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಒಬ್ಬರು ಸುರುಳಿಯನ್ನು ಬಿಡಿಸಿ, ನಿಧಾನವಾಗಿ ಶುಚಿಗೊಳಿಸಿ, ಬೇರೊಂದು ಕವಚಕ್ಕೆ ಸೇರಿಸಿ ಓಡಿಸಿದರು. ಹನ್ನೊಂದು ನಿಮಿಷಗಳಷ್ಟು ಭಾಗ ಹೋಗಿಯೇಬಿಟ್ಟಿತು, ಉಳಿದದ್ದು ದೊರೆಯಿತು. ದಿವಂಗತರಾದ ನಮ್ಮ ತಂದೆಯವರ ಧ್ವನಿ ಇರುವುದು ಆ ಒಂದೇ ಸುರುಳಿಯಲ್ಲಿ. ಅದರಲ್ಲಿ ಅವರು ಅಡಿಗೆಯವರನ್ನು ಕರೆದು, “ದೂರದಿಂದ ಬಂದವರಿದ್ದಾರೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಆಗಬೇಕು, ಬಸ್ಸಿನ ಡ್ರೈವರನ್ನೂ ಕರೆಯಿರಿ” ಎನ್ನುತ್ತಾರೆ. ಒಂದು ನಿಮಿಷವೂ ಇಲ್ಲದ ಮಾತು. ಅವರನ್ನು ಕಂಡೇ ಇಲ್ಲದ ಮೊಮ್ಮಕ್ಕಳು ತಾತನವರ ಸ್ವಭಾವವನ್ನು ಆ ಮಾತಿನಿಂದ ತಿಳಿದರು. ಇನ್ನೆರಡು ಮಳೆಗಾಲ ಕಳೆದಿದ್ದರೆ ಅದೂ ಆ ಹನ್ನೊಂದು ನಿಮಿಷಗಳ ಪಾಲಿಗೆ ಸೇರುತ್ತಿತ್ತೋ ಏನೋ.

ಇನ್ನು ಕೆಲಸದ ಕ್ರಮ. ಮೊದಲನೆಯದಾಗಿ ಅಂಗಡಿಯ ದಾಸ್ತಾನಿನಂತೆ ಒಂದು ಪಟ್ಟಿ ಮಾಡಬೇಕು. ಕ್ಯಾಸೆಟ್ಟಿನ ಬಗೆ, ಅದರ ಮೇಲೆ ಬರೆದಿರುವುದು, ಅಂದಾಜು ವರ್ಷ, ಈಗಿನ ಸ್ಥಿತಿ ಇವಿಷ್ಟನ್ನು ಗುರುತಿಸಿದರೆ ಸಾಕು. ಒಂದೇ ಪ್ರತಿಯಿರುವುದನ್ನೂ ಹಾಳಾಗತೊಡಗಿರುವುದನ್ನೂ ಮೊದಲು ಕೈಗೆತ್ತಿಕೊಳ್ಳಬೇಕು. ಬೂಷ್ಟು ಕಂಡ ಕ್ಯಾಸೆಟ್ಟನ್ನು ಪರೀಕ್ಷೆಗೆಂದೂ ಯಂತ್ರಕ್ಕೆ ಹಾಕಲಾಗದು. ಅದು ಯಂತ್ರದ ತಲೆಗೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ, ಉಸಿರಿಗೂ ಕೆಡುಕು. ವಿ.ಎಚ್.ಎಸ್. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಚಿಕ್ಕದೊಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅಕಸ್ಮಾತ್ತಾಗಿಯೂ ಅದರ ಮೇಲೆ ಬೇರೊಂದು ಚಿತ್ರ ಅಚ್ಚಾಗದು.

ಪರಿವರ್ತನೆಯೆಂಬುದು ಸರಳವಾದ ವಿಧಾನವೇ. ವಿ.ಸಿ.ಆರ್. ಸುರುಳಿಯನ್ನು ಓಡಿಸುತ್ತದೆ, ಅದರಿಂದ ಬರುವ ಚಿತ್ರವನ್ನೂ ಧ್ವನಿಯನ್ನೂ ಒಂದು ಸಣ್ಣ ಉಪಕರಣವು ಅಂಕೆಗಳಾಗಿಸಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಹಳೆಯ ಸುರುಳಿಯ ಚಿತ್ರ ನಡುಗುವುದುಂಟು. ಅದನ್ನು ಸ್ಥಿರಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಲಕರಣೆ ಇರುವವರಲ್ಲಿಗೆ ಕೊಡುವುದು ಲೇಸು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ ಹಿಡಿಯುತ್ತದೆ, ಅವಸರಪಡಿಸುವ ಉಪಾಯವಿಲ್ಲ. ಚಿತ್ರದ ಅಳತೆಯನ್ನೂ ಗಮನಿಸಬೇಕು. ಆ ಕಾಲದ ಚಿತ್ರ ಅಗಲ ನಾಲ್ಕಕ್ಕೆ ಎತ್ತರ ಮೂರರಂತೆ ಇದ್ದಿತು. ಇಂದಿನ ಅಗಲ ಪರದೆ ತುಂಬಲೆಂದು ಎಳೆದರೆ ನಮ್ಮ ಹಿರಿಯರೆಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಚಿಕ್ಕ ಮಿನಿ ಡಿ.ವಿ. ಕ್ಯಾಸೆಟ್ಟಿನಲ್ಲಿ ಚಿತ್ರವು ಮೊದಲೇ ಅಂಕೆಗಳ ರೂಪದಲ್ಲಿರುತ್ತದೆ. ಅದನ್ನು ಫೈರ್‌ವೈರ್ ತಂತಿಯ ಮೂಲಕ ಇದ್ದಂತೆಯೇ ತೆಗೆದುಕೊಳ್ಳಬಹುದು, ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕಾಗುತ್ತದೆ.

ಹೀಗೆ ಬಂದ ದೊಡ್ಡ ಕಡತವನ್ನು ಮೂಲವೆಂದು ತಿದ್ದದೆ ಇಡಬೇಕು. ಮೊಬೈಲಿನಲ್ಲಿ ನೋಡಲು, ನೆಂಟರಿಗೆ ಕಳಿಸಲು ಅದರಿಂದ ಚಿಕ್ಕದೊಂದನ್ನು ಬೇರೆ ಮಾಡಿಕೊಳ್ಳಬೇಕು. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರವು ಕುಗ್ಗಿ ಗುಣ ಕಳೆದುಕೊಂಡಿರಬಹುದಾದ್ದರಿಂದ ಅದನ್ನೇ ಪ್ರತಿಯೆಂದು ನೆಚ್ಚಬಾರದು. ಮೂಲ ಕಡತದ ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೊಂದು ಊರಿನ ಬಂಧುಗಳ ಮನೆಯಲ್ಲಿರಲಿ. ಹಾರ್ಡ್ ಡಿಸ್ಕೂ ಕೆಡುವ ವಸ್ತುವೇ. ಆದಕಾರಣ ವ್ಯಾಪಾರಿಗಳು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಂತೆ, ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ನಕಲಿಸಬೇಕು. ಹಳೆಯ ಕ್ಯಾಸೆಟ್ಟುಗಳನ್ನು ಎಸೆಯದೆ, ಪೂರ್ತಿ ಸುತ್ತಿ, ನಿಲ್ಲಿಸಿ, ಒಣ ಜಾಗದಲ್ಲಿ ಇಡಬೇಕು.

ಇವೆಲ್ಲಕ್ಕಿಂತ ಅವಸರದ ಕೆಲಸ ಮತ್ತೊಂದಿದೆ. ಪರಿವರ್ತನೆಯಾದ ಚಿತ್ರಗಳನ್ನು ನಾವು ಎಂಬತ್ತನಾಲ್ಕು ವರ್ಷದ ನಮ್ಮ ಸೋದರತ್ತೆಯವರ ಮುಂದೆ ಇಟ್ಟೆವು. ಅವರು ಒಬ್ಬೊಬ್ಬರನ್ನೂ ಬೆರಳಿಟ್ಟು ತೋರಿಸಿ ಹೆಸರು, ಊರು, ಮನೆತನ ಹೇಳಿದರು. ಎರಡು ಮಧ್ಯಾಹ್ನಗಳಲ್ಲಿ ನನ್ನ ಮಗಳು ಅರವತ್ತಕ್ಕೂ ಹೆಚ್ಚು ಹೆಸರುಗಳನ್ನು ಬರೆದುಕೊಂಡಳು. ಅವರಲ್ಲಿ ಅರ್ಧದಷ್ಟು ಮಂದಿಯ ಗುರುತು ನನಗೂ ಇರಲಿಲ್ಲ. ಚಿತ್ರವನ್ನು ಯಂತ್ರ ಉಳಿಸಿಕೊಡುತ್ತದೆ, ಹೆಸರನ್ನು ಹೇಳುವವರು ಹಿರಿಯರೇ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಬಂಧುಗಳೇ, ನಕಲು ಮಾಡಿ ಉಳಿಸುವುದು ನಮ್ಮ ಸಮಾಜಕ್ಕೆ ಹೊಸ ವಿದ್ಯೆಯಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಬಲ್ಲೆವು. ಮೂಡುಬಿದಿರೆಯ ತಾಳೆಗರಿಗಳಲ್ಲಿದ್ದ ಧವಲ ಗ್ರಂಥವನ್ನು ಕಾಗದಕ್ಕೆ ಇಳಿಸಿದ್ದರಿಂದಲೇ ಅದರ ಮೊದಲ ಸಂಪುಟವು 1939ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯುವಂತಾಯಿತು. ಆ ಶಾಸ್ತ್ರಗಳಿಗೂ ನಮ್ಮ ಮನೆಯ ಮದುವೆಯ ಸುರುಳಿಗೂ ಹೋಲಿಕೆಯಿಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಒಂದು ಗರಿ ಮುರಿಯುವ ಮೊದಲೇ ಮತ್ತೊಂದಕ್ಕೆ ಬರೆಯುವ ಅವರ ಎಚ್ಚರವನ್ನು ನಾವು ಚಿಕ್ಕ ವಸ್ತುವಿನಲ್ಲಿಯೂ ಕಲಿಯಬಹುದು.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಈ ಬಸದಿಯ ಹಿಂದಿನ ಉತ್ಸವಗಳ ಚಿತ್ರಗಳು ಊರಿನ ಯಾರ ಯಾರ ಮನೆಯಲ್ಲಿವೆಯೆಂದು ಒಂದು ಪುಸ್ತಕದಲ್ಲಿ ನಮೂದಿಸಬೇಕು. ಮನೆಯವರ ಒಪ್ಪಿಗೆ ಪಡೆದು, ಉತ್ಸವದ ಭಾಗವನ್ನು ಮಾತ್ರ ನಕಲು ಮಾಡಿಸಿ, ಬಸದಿಯ ಗ್ರಂಥಭಂಡಾರದಲ್ಲಿ ಒಂದು ಪ್ರತಿಯನ್ನಿಡಬೇಕು. ಮನೆಯ ಖಾಸಗಿ ಚಿತ್ರಗಳು ಮನೆಯವರಲ್ಲಿಯೇ ಇರತಕ್ಕವು. ಮೊದಲ ಹತ್ತು ಕ್ಯಾಸೆಟ್ಟುಗಳ ವೆಚ್ಚವನ್ನು ನಮ್ಮ ತಂದೆಯವರ ಸ್ಮರಣಾರ್ಥ ನಾನು ವಹಿಸಿಕೊಳ್ಳುತ್ತೇನೆ. ತಾವೆಲ್ಲರೂ ಈ ಮಳೆಗಾಲ ಬರುವುದರೊಳಗೆ ತಮ್ಮ ತಮ್ಮ ಪೆಟ್ಟಿಗೆಗಳನ್ನು ಇಳಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.

ಜಯ ಜಿನೇಂದ್ರ.