ಟವರ್ ಅದೇ, ಜಾಲ ಬೇರೆ

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರಕ್ಕೆ ದೂರದಿಂದ ಸಂದೇಶ ಬರುವುದು ಹೊಸದಲ್ಲ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವನ್ನು ಗುರುತಿಸಿದರು. ಹತ್ತಿರದ ಬ್ರಹ್ಮಗಿರಿ, ಜಟಿಂಗರಾಮೇಶ್ವರಗಳಲ್ಲೂ ಅದೇ ಆಜ್ಞೆ ಸಿಕ್ಕಿತು. ಕಳಿಸಿದವರು ಸುವರ್ಣಗಿರಿಯವರು, ತಲುಪಬೇಕಾದವರು ಇಸಿಲದ ಅಧಿಕಾರಿಗಳಾದ ಮಹಾಮಾತ್ರರು ಎಂಬ ವಿಳಾಸ ಶಾಸನದ ಮೊದಲಿಗೇ ಇದೆ. ಒಮ್ಮೆ ಕಲ್ಲಿಗೆ ಬಿದ್ದ ಅಕ್ಷರವನ್ನು ಮಾತ್ರ ತಿದ್ದಲಾಗದು.

ಮೊಬೈಲ್ ಜಾಲವೂ ಬಹುಕಾಲ ಹೀಗೇ ಬಿಗಿಯಾಗಿತ್ತು. ಟವರ್ ಮೇಲಿನ ರೇಡಿಯೊ, ಬುಡದಲ್ಲಿ ಸಂಕೇತಗಳನ್ನು ಬಿಡಿಸುವ ಪೆಟ್ಟಿಗೆ ಸಾಮಾನ್ಯವಾಗಿ ಒಂದೇ ಕಂಪನಿಯವು. ಹೊಸ ತಲೆಮಾರು ಬಂದಾಗ ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತಿತ್ತು. ಕರೆ ಜೋಡಿಸುವ, ಗ್ರಾಹಕರನ್ನು ಗುರುತಿಸುವ ಕೆಲಸಗಳಿಗೆ ಬೇರೆ ಬೇರೆ ಯಂತ್ರಗಳೇಕೆ, ಸಾಮಾನ್ಯ ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಆಗಿ ಓಡಿಸಬಾರದೇಕೆ ಎಂದು ಜಗತ್ತಿನ ದೊಡ್ಡ ದೂರವಾಣಿ ಕಂಪನಿಗಳು 2012ರಲ್ಲಿ ಒಟ್ಟಾಗಿ ಕೇಳಿದವು. 2018ರಲ್ಲಿ ಹುಟ್ಟಿದ ಓ-ರಾನ್ ಅಲಯನ್ಸ್ ಎಂಬ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಬ್ಬರ ರೇಡಿಯೊಗೆ ಮತ್ತೊಬ್ಬರ ಸಾಫ್ಟ್‌ವೇರ್ ಹೊಂದುವಂತೆ ಮುಕ್ತ ನಿಯಮಗಳನ್ನು ರೂಪಿಸತೊಡಗಿತು.

ಇದು ಹೊರದೇಶದ ಮಾತಷ್ಟೇ ಅಲ್ಲ.

1984ರಲ್ಲಿ ಆರಂಭವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಸಂಪರ್ಕಗಳ ಪುಟ್ಟ ದೂರವಾಣಿ ಎಕ್ಸ್‌ಚೇಂಜ್ ರೂಪಿಸಿತು. ಏಸಿ ಇಲ್ಲದೆ, ಧೂಳು ಸೆಕೆ ತಡೆದು ನಡೆಯುವ ಆ ಯಂತ್ರ ನಮ್ಮ ಕಿತ್ತೂರಿನಲ್ಲೇ ಮೊದಲು ಕೆಲಸಕ್ಕೆ ನಿಂತಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯ ಕೋರ್, ಅಂದರೆ ಜಾಲದ ಮಿದುಳು, ಅದೇ ಸಿ-ಡಾಟ್‌ನದು. ರೇಡಿಯೊ ಭಾಗ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಎಲ್ಲವನ್ನೂ ಬೆಸೆದದ್ದು ಟಿಸಿಎಸ್. 2025ರ ಸೆಪ್ಟೆಂಬರ್ 27ರಂದು ಇದು ದೇಶಕ್ಕೆ ಸಮರ್ಪಿತವಾಯಿತು. ಮುಂದೆ ಸಾಫ್ಟ್‌ವೇರ್ ಮೂಲಕವೇ ಇದನ್ನು 5ಜಿಗೆ ಏರಿಸಬಹುದು ಎಂದು ಸರ್ಕಾರ ಹೇಳಿದೆ. ಮೂರು ಸಂಸ್ಥೆಗಳ ಕೆಲಸ ಒಂದೇ ಜಾಲವಾಗಿ ಓಡುವುದು ಸಣ್ಣ ಸಾಧನೆಯಲ್ಲ. 2022ರಲ್ಲಿ ಶುರುವಾದ ಸ್ವದೇಶಿ 5ಜಿ ಪರೀಕ್ಷಾ ವೇದಿಕೆಯನ್ನು ಕಟ್ಟಿದ ಎಂಟು ಸಂಸ್ಥೆಗಳಲ್ಲಿ, ಚಳ್ಳಕೆರೆಯ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ಇದರಿಂದ ಈ ಬಯಲುಸೀಮೆಗೇನು? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವವನ್ನು ನೆನೆಯಬೇಕು. ವರ್ಷವಿಡೀ ಒಂದು ಊರಿಗೆ ಸಾಕಾಗುವ ಜಾಲದ ಮೇಲೆ ಅಂದು ಲಕ್ಷಾಂತರ ಜನರ ಫೋನುಗಳು ಒಮ್ಮೆಲೇ ಬೀಳುತ್ತವೆ. ಹಲವು ಟವರ್‌ಗಳ ಲೆಕ್ಕಾಚಾರವನ್ನು ಒಂದೇ ಕಡೆಯ ಸರ್ವರ್‌ಗಳು ಮಾಡುವಂತಿದ್ದರೆ, ಬೇರೆಡೆ ಬಿಡುವಾಗಿರುವ ಸಾಮರ್ಥ್ಯವನ್ನು ಜಾತ್ರೆಯ ದಿನ ಇತ್ತ ತಿರುಗಿಸಬಹುದು. 5ಜಿಯಲ್ಲಿ ಒಂದೇ ಜಾಲವನ್ನು ಹೋಳುಗಳಾಗಿ ವಿಂಗಡಿಸಿ, ಆಂಬುಲೆನ್ಸ್ ಮತ್ತು ಪೊಲೀಸರ ಸಂಪರ್ಕಕ್ಕೆ ಒಂದು ಹೋಳನ್ನು ಮೀಸಲಿಡಲೂ ಬರುತ್ತದೆ. ಜನಜಂಗುಳಿಯ ನಡುವೆ ಯಾರಾದರೂ ಕುಸಿದು ಬಿದ್ದಾಗ ಇದರ ಬೆಲೆ ತಿಳಿಯುತ್ತದೆ.

ಆದರೆ ಸಾಫ್ಟ್‌ವೇರ್ ಹೊಸ ತರಂಗಾಂತರವನ್ನು ಹುಟ್ಟಿಸುವುದಿಲ್ಲ. ಆಕಾಶದಲ್ಲಿರುವ ಜಾಗ ಮಿತ; ಜಾತ್ರೆಗೆ ತಾತ್ಕಾಲಿಕ ಟವರ್ ಬೇಕಾಗಿಯೇ ಬೇಕಾಗಬಹುದು. ಲೆಕ್ಕಾಚಾರ ಟವರ್ ಬಿಟ್ಟು ದೂರ ಹೋದಷ್ಟೂ ನಡುವಿನ ಫೈಬರ್ ಮೇಲೆ ಭಾರ ಹೆಚ್ಚು. ರಸ್ತೆ ಅಗೆಯುವಾಗ ಆ ಎಳೆ ತುಂಡಾದರೆ ಸರ್ವರ್ ಎಷ್ಟು ಚುರುಕಾಗಿದ್ದರೂ ಊರಿನ ಫೋನಿಗೆ ಸಿಗ್ನಲ್ ಇಲ್ಲ. ಹಳ್ಳಿಗಾಡಿನ ಮಟ್ಟಿಗೆ ಎರಡನೇ ದಾರಿಯ ಫೈಬರ್ ಮತ್ತು ಕರೆಂಟ್ ಹೋದಾಗ ತಾಳುವ ಬ್ಯಾಟರಿ, ಇವೆರಡೂ ಜಾಲದ ವಿನ್ಯಾಸದಲ್ಲೇ ಸೇರಬೇಕು.