ತಲೆಯೆಣಿಕೆ ಮತ್ತು ದಾರಿಯ ದೂರ: ಕೊಡಗಿನ ಗ್ರಾಮಾಡಳಿತ



ಕರ್ನಾಟಕದಲ್ಲಿ ಅತ್ಯಂತ ಹೆಚ್ಚು ಹಳ್ಳಿಗಾಡಾಗಿ ಉಳಿದಿರುವ ಜಿಲ್ಲೆ ಯಾವುದೆಂದು ಕೇಳಿದರೆ ಬಹಳ ಜನ ಉತ್ತರದ ಬಯಲುಸೀಮೆಯ ಕಡೆ ಕೈತೋರಿಸುತ್ತಾರೆ. 2011ರ ಜನಗಣತಿ ಹೇಳುವುದು ಕೊಡಗಿನ ಹೆಸರನ್ನು. ಅಲ್ಲಿನ 5,54,519 ಜನರಲ್ಲಿ ನೂರಕ್ಕೆ 85 ಮಂದಿ ಹಳ್ಳಿಗಳಲ್ಲಿದ್ದಾರೆ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಜನರಿದ್ದರೆ ಇಲ್ಲಿರುವುದು 135.

ಇಲ್ಲಿನ ಊರಿನ ಸ್ವರೂಪವೇ ಬೇರೆ. ಅಗಸೆ ಬಾಗಿಲು, ಗೋಡೆಗೆ ಗೋಡೆ ತಾಗಿದ ಮನೆಗಳ ಕೇರಿ, ಎಲ್ಲರೂ ಸೇರುವ ಕಟ್ಟೆ ಇಲ್ಲಿ ಅಪರೂಪ. ಗುಡ್ಡದ ಓರೆಯಲ್ಲಿ ಮನೆತನದ ಮೂಲಮನೆಯಾದ ಒಂದು ಐನ್‌ಮನೆ, ಕೆಳಗೆ ಗದ್ದೆ, ಸುತ್ತ ಕಾಫಿ ತೋಟ. ಮುಂದಿನ ಮನೆಗೆ ತೋಟ ದಾಟಿ ನಡೆಯಬೇಕು. ಹತ್ತು ಮನೆಗೆ ನೀರಿನ ಪೈಪು ಎಳೆಯಲು ಬಯಲಿನ ಹಳ್ಳಿಗೆ ಸಾಕಾಗುವ ಹಣ ಇಲ್ಲಿ ಅರ್ಧ ದಾರಿಗೇ ಮುಗಿಯುತ್ತದೆ. ಕಂಬಕ್ಕೂ ರಸ್ತೆಗೂ ಅಂಗನವಾಡಿಗೂ ಇದೇ ಲೆಕ್ಕ.

1993ರ ಪಂಚಾಯತ್ ರಾಜ್ ಅಧಿನಿಯಮವನ್ನು ರೂಪಿಸಿದವರಿಗೆ ಇದು ತಿಳಿದಿತ್ತು. ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಎಂದು ಬರೆದವರು, ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕು ಎಂದು ಸೇರಿಸಿದರು. ಆ ಒಂದು ಸಾಲನ್ನು ನಾನು ಬಹಳ ಗೌರವದಿಂದ ಓದುತ್ತೇನೆ. ಕಚೇರಿಗೆ ನಡೆದು ಬರಬೇಕಾದವರ ಕಾಲನ್ನು ನೆನೆದು ಬರೆದ ಸಾಲು ಅದು.

ಮೇಲಿನ ಹಂತಗಳಲ್ಲಿ ಆ ನೆನಪು ಉಳಿಯಲಿಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, ಸುಮಾರು 2.29 ಲಕ್ಷ ಜನರಿಗೆ 24 ಸದಸ್ಯರ ವಿಧಾನಸಭೆಯಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ಏಕೀಕರಣದ ಮೇಲೆ ಅಷ್ಟು ಸ್ಥಾನಗಳನ್ನು ಯಾರೂ ನಿರೀಕ್ಷಿಸುವಂತಿರಲಿಲ್ಲ, ಸರಿ. ಆದರೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಿದ್ದ ಕ್ಷೇತ್ರಗಳು 2008ರ ಚುನಾವಣೆಯ ಹೊತ್ತಿಗೆ ಎರಡಾದವು. ನಾಡಿನ ಬೇರೆ ಕಡೆ ಜನ ಹೆಚ್ಚಿದರು, ಇಲ್ಲಿ ಅಷ್ಟು ಹೆಚ್ಚಲಿಲ್ಲ, ಅಷ್ಟೇ ಕಾರಣ. 2001ರಿಂದ 2011ರವರೆಗೆ ಇಡೀ ಜಿಲ್ಲೆಗೆ ಸೇರಿದವರು ಆರು ಸಾವಿರದಷ್ಟು ಜನ ಮಾತ್ರ. ಇನ್ನೊಂದು ಕಾಫಿ ಜಿಲ್ಲೆ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ಇಳಿದೇ ಹೋಯಿತು. ಕಲಿತ ಮಕ್ಕಳು ಮೈಸೂರು, ಬೆಂಗಳೂರು ಸೇರುತ್ತಾರೆ. ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರು ಉಳಿಯುತ್ತಾರೆ. ಜನ ಕಡಿಮೆಯಾದರೆಂದು ಅವರ ಮನೆಯ ದಾರಿ ಗಿಡ್ಡವಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲದ ಕಡೆಯ ಜನರಿಗೆ ಆ ದೂರ ಎಷ್ಟೆಂದು ಚೆನ್ನಾಗಿ ತಿಳಿಯಿತು.

ಮೂರು ತಾಲ್ಲೂಕುಗಳ ಜೊತೆಗೆ ಪೊನ್ನಂಪೇಟೆ, ಕುಶಾಲನಗರ ಸೇರಿ ಈಗ ಐದಾಗಿರುವುದು ಒಳ್ಳೆಯದೇ. ತಹಶೀಲ್ದಾರರ ಕಚೇರಿ ಹತ್ತಿರವಾದಷ್ಟೂ ಬಡವರ ಒಂದು ದಿನದ ಕೂಲಿ ಉಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಲೆಕ್ಕಕ್ಕೆ ಸರಿಯಾಗಿ ಸಿಗದವರ ಸಂಗತಿ. ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಆದಿವಾಸಿಗಳಾದ ಯರವರು, ಜೇನುಕುರುಬರು, ಹೊರಗಿನಿಂದ ಬಂದ ಕೂಲಿಗಳು ಬದುಕುತ್ತಾರೆ. ಮನೆ ಮಾಲೀಕರದು, ಕೆಲಸ ಬಿಟ್ಟರೆ ಸೂರೂ ಬಿಡಬೇಕು. ವಿಳಾಸ ನಿಲ್ಲದಿದ್ದರೆ ಪಡಿತರ ಚೀಟಿಯೂ ಮತದಾರರ ಪಟ್ಟಿಯ ಹೆಸರೂ ನಿಲ್ಲುವುದಿಲ್ಲ. ಒಂದು ತುಂಡು ಪೈಸಾರಿ (ಸರ್ಕಾರಿ) ಜಾಗಕ್ಕಾಗಿ ಅವರು ಪಡುವ ಪಾಡು 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಇಡೀ ನಾಡಿಗೆ ಕಂಡಿತು. ಅಲ್ಲಿನ ಕುಟುಂಬಗಳಿಗೆ ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಲೈನ್‌ಮನೆಗಳಲ್ಲಿ ಉಳಿದವರು ಇನ್ನೂ ಅಲ್ಲೇ ಇದ್ದಾರೆ.

ಮುಂದಿನ ಜನಗಣತಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿರುವ ಗಣನೆಯ ದಿನ 2027ರ ಮಾರ್ಚ್ 1. ಕಾಫಿ ಕೊಯ್ಲು ಮುಗಿಯುತ್ತ ಬರುವ, ಕೂಲಿಯವರು ತೋಟದಿಂದ ತೋಟಕ್ಕೆ ಹೊರಡುವ ಕಾಲವದು. ಗಣತಿದಾರರು ತೋಟದ ಗೇಟಿನಲ್ಲಿ ಮೇಸ್ತ್ರಿಯನ್ನು ಕೇಳಿ ಸಂಖ್ಯೆ ಬರೆದುಕೊಂಡು ಹಿಂದಿರುಗಬಾರದು. ಪ್ರತಿ ಲೈನ್‌ಮನೆಯ ಬಾಗಿಲಿಗೆ ಹೋಗಬೇಕು. ಗ್ರಾಮ ಪಂಚಾಯಿತಿಗಳು ಈಗಿನಿಂದಲೇ ತಮ್ಮ ವ್ಯಾಪ್ತಿಯ ಲೈನ್‌ಮನೆಗಳ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ, ಬಿಟ್ಟುಹೋದವರನ್ನು ಸೇರಿಸಿ ಇಟ್ಟುಕೊಳ್ಳಲಿ. ಹಣ ಹಂಚುವವರು ಆ ಪಟ್ಟಿಯ ಪಕ್ಕದಲ್ಲೇ ರಸ್ತೆಯ ಉದ್ದವನ್ನೂ ಬರೆಸಿಕೊಳ್ಳಲಿ.